ಕಳಚುವ ಕೊಕ್ಕೆ

ಬರ್ನಿಯ ಬಂದರಿನ ಹಿಂದೆ, ಏರಿನ ಮೇಲೆ,
ಹಡಗಿಗೆ ಕಾಯುವ ಮರದ ಚೂರಿನ ಗುಡ್ಡ ಕಾಣುವಲ್ಲಿ,
ಗಾಡಿಯಿಂದ ಇಳಿಯದೆಯೇ ಬಿಯರು ಕೊಳ್ಳಬಹುದಾಗಿದ್ದ
ಅಂಗಡಿ ಕೆಡವಿ, ಹದಿನಾಲ್ಕು ಹಾಸಿಗೆಯ ಮನೆ ಏಳುತ್ತಿದೆ
ಮನಸ್ಸಿನ ಕಾಯಿಲೆಯವರಿಗೆ, ಕುಡಿತ ಬಿಡಹೊರಟವರಿಗೆ,
ಎರಡೂ ಒಟ್ಟಿಗೆ ಬಂದವರಿಗೆ.
ನಾನು ಬಡಗಿ. ಬಾಗಿಲು, ಕಿಟಕಿ, ಕಪಾಟು ನನ್ನ ಪಾಲು.

ಸೋಮವಾರದ ಪೆಟ್ಟಿಗೆಯಲ್ಲಿ ಅರವತ್ತು ಕೊಕ್ಕೆ.
ಒಂದನ್ನು ಗೋಡೆಗೆ ಕೂರಿಸಿ ಬೆರಳಿಟ್ಟು ಜಗ್ಗಿದೆ:
ತಲೆ ಬಾಗಿಸಿ, ಟಕ್,
ಕಳಚಿಕೊಂಡು ಅಂಗೈಗೆ ಬಿತ್ತು.
ಮಾಲು ಸರಿಯಿಲ್ಲ, ವಾಪಸು ಕಳಿಸೋಣ ಅಂದೆ.
ಮೇಸ್ತ್ರಿ ಗ್ಲೆನಿಸ್ ತುಟಿಪಿಟಕ್ಕೆನ್ನದೆ
ನಿಯಮದ ಹಾಳೆ ಬಿಡಿಸಿ ಮುಂದೆ ಹಿಡಿದಳು.
ಅಂಗಿಯ ಭಾರ ಹೊರಬೇಕು,
ಒದ್ದೆ ಟವೆಲಿನ ಭಾರ ಹೊರಬೇಕು,
ಮನುಷ್ಯನ ಭಾರ ಹೊರಬಾರದು.

ಅಪ್ಪ ಕುಮಟೆಯ ಆಚಾರಿ.
ತೊಟ್ಟಿಲ ಕೊಕ್ಕೆಯನ್ನು ತೊಲೆಗೆ ಬಿಗಿದ ಮೇಲೆ
ಎರಡು ಕೈಯಲ್ಲಿ ತಾನೇ ಜೋತುಬಿದ್ದು
ಬಾಣಂತಿಯೂ ನಗುವಷ್ಟು ಹೊತ್ತು ತೂಗಾಡುತ್ತಿದ್ದ.
ಕೊಕ್ಕೆಗೆ ಒಂದೇ ನೀತಿ ಮಗಾ,
ಹಿಡಿದದ್ದನ್ನು ಬಿಡಬಾರದು.
ಅಪ್ಪಾ, ಈ ವಾರ
ಅರವತ್ತು ಸಲ ನಿನ್ನ ನೀತಿ ಮುರಿದೆ.

ಇಲ್ಲಿ ಯಾವುದೂ ನಾನು ಕಲಿತ ಹಾಗಿಲ್ಲ.
ಬಾಗಿಲು ಒಳಕ್ಕೂ ತೆರೆಯಬೇಕು, ಹೊರಕ್ಕೂ ತೆರೆಯಬೇಕು,
ಒಳಗಿದ್ದವರು ಮಂಚ ಅಡ್ಡವಿಟ್ಟರೂ
ಯಾರಾದರೂ ಹೋಗಿ ಮುಟ್ಟುವಂತಿರಬೇಕು.
ಕಿಟಕಿ ಗೇಣಿಗಿಂತ ಕಡಿಮೆ. ಆ ಸಂದಿಯಲ್ಲೇ
ಸಮುದ್ರವಷ್ಟೂ ಒಳಗೆ ಬರಬೇಕು.
ಹಿಡಿಕೆಗಳೆಲ್ಲ ಜಾರು, ಮೂಲೆಗಳೆಲ್ಲ ದುಂಡು.
ಮನೆ ಕಟ್ಟಿ ನೋಡು ಅಂದವರು
ಈ ಮನೆ ಕಟ್ಟಿ ನೋಡಿರಲಿಲ್ಲ.

ಮಾರ್ಚಿಯಲ್ಲಿ, ಪುರಸಭೆಯ ಮಡಿಚುವ ಕುರ್ಚಿಗಳ ನಡುವೆ,
ಎದುರು ಬೀದಿಯ ಮಿಸೆಸ್ ಕ್ರೂಸ್ ಎದ್ದು ನಿಂತಿದ್ದಳು:
ಬೇಡ ಅಂತಲ್ಲ. ಇಲ್ಲಿ ಬೇಡ.
ಅಂಗಡಿಯಿದ್ದ ಇಪ್ಪತ್ತೆರಡು ವರ್ಷ
ಆ ಮಾತು ಅವಳಿಗೆ ತೋಚಿರಲಿಲ್ಲ.
ನನಗೂ ತೋಚಿರಲಿಲ್ಲ, ಶುಕ್ರವಾರ ಶುಕ್ರವಾರ
ಅಲ್ಲೇ ಗಾಡಿ ನಿಲ್ಲಿಸಿ ಗಾಜು ಇಳಿಸುತ್ತಿದ್ದವನು ನಾನು.
ಹಿಂದಿನ ಸಾಲಿನಲ್ಲಿ ಡೆನ್ನಿ ಹೀಝಲ್‌ವುಡ್,
ಕಾಗದದ ಮಿಲ್ಲು ಮುಚ್ಚಿದಾಗ ಮೊದಲು ಕೆಲಸ ಹೋಗಿ
ಆಮೇಲೆ ಒಂದೊಂದಾಗಿ ಉಳಿದದ್ದು ಹೋದವನು,
ಭಾಷಣ ಮಾಡಲಿಲ್ಲ. ಕೈ ಎತ್ತಿ ಕೇಳಿದ,
ಅಲ್ಲಿ ನಾಯಿಗೆ ಜಾಗ ಇದೆಯಾ?
ಮೂರು ಸಲ ಕರೆದರು ನನ್ನನ್ನು ಲಾನ್ಸೆಸ್ಟನ್ನಿಗೆ,
ಹಾಸಿಗೆ ಖಾಲಿಯಾಗಿದೆ ಬಾ ಅಂತ.
ಬೆಸ್ಸಿಯನ್ನು ಯಾರ ಕೈಗೆ ಕೊಟ್ಟು ಹೋಗಲಿ?
ನಕ್ಕರು ಕೆಲವರು. ಕ್ರೂಸ್ ನಗಲಿಲ್ಲ.

ನಾಯಿಗೂಡು ನಕ್ಷೆಗೆ ಸೇರಿತು.
ಆಗಸ್ಟಿನಲ್ಲಿ ದುಡ್ಡು ಸಾಲದೆ
ಅದರ ಮೇಲೆ ಕೆಂಪು ಗೆರೆ ಬಿತ್ತು.

ಉಳಿದ ಹಲಗೆ ತುಂಡುಗಳಲ್ಲಿ, ಊಟದ ಬಿಡುವಿನಲ್ಲಿ
ಗೂಡು ಮಾಡಿದ್ದೇನೆ. ನಾಲ್ಕು ನಾಯಿಗೆ ಸಾಕು,
ಜಗಳವಾಡದಿದ್ದರೆ.
ಗ್ಲೆನಿಸ್ ಕಂಡೂ ಕಾಣದ ಹಾಗಿದ್ದಾಳೆ;
ಹಸಿರು ಬಣ್ಣದ ಡಬ್ಬವೊಂದನ್ನು ಮಾತ್ರ
ದಿನವೂ ಅಲ್ಲೇ ಮರೆತು ಹೋಗುತ್ತಾಳೆ.
ಸರಪಳಿಗೊಂದು ಕೊಕ್ಕೆ ಬೇಕಿತ್ತು.
ಅಪ್ಪನ ಲೆಕ್ಕದ್ದನ್ನೇ ಬಿಗಿದೆ. ಎಳೆದೆ. ಜೋತುಬಿದ್ದೆ.
ಅಲುಗಲಿಲ್ಲ.

ಸಂಜೆ ಬೀಗ ಹಾಕುವ ಮೊದಲು
ಗ್ಲೆನಿಸ್ ಕೋಣೆ ಕೋಣೆ ಹೊಕ್ಕು
ಒಂದೊಂದೇ ಕೊಕ್ಕೆ ಜಗ್ಗಿ ನೋಡುತ್ತಾಳೆ.
ಟಕ್. ಟಕ್.
ಹಾಳೆಯಲ್ಲಿ ಬರೆದಿರುವುದು ಒಮ್ಮೆ ನೋಡಿದರೆ ಸಾಕೆಂದು.
ಅವಳಿಗೊಬ್ಬ ತಮ್ಮ ಇದ್ದನಂತೆ. ನಾನು ಕೇಳಿಲ್ಲ.
ಕಳಚಿದ್ದನ್ನೆಲ್ಲ ಮತ್ತೆ ಕೂರಿಸುತ್ತ
ಅವಳ ಹಿಂದೆ ಹಿಂದೆ ಹೋಗುತ್ತೇನೆ.